ಜಗಲಿಯಲ್ಲಿ ಓಡುವ ಇಂಟರ್‌ನೆಟ್ ಒಳಕೋಣೆಗೆ ಬರುವಷ್ಟರಲ್ಲಿ ಏಕೆ ಸೋಲುತ್ತದೆ?

ಪ್ರಶ್ನೆ: ಕಣದಂಚು (ಮೂಡಿಗೆರೆ)

ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ತೋಟದ ನಡುವೆ ಇರುವ ಹಳೆಯ ತೊಟ್ಟಿಮನೆ. ರಸ್ತೆಯ ಕಂಬಗಳ ಮೇಲಿನಿಂದ ಬಂದಿರುವ ಫೈಬರ್ ಮೂಲಕ ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕ ಪಡೆದಿದ್ದೇವೆ. ಕೇಬಲ್ ಒಳಬರುವ ಜಗಲಿಯ ಮೂಲೆಯಲ್ಲೇ, ಕರೆಂಟಿನ ಮೀಟರಿನ ಪಕ್ಕದ ಗೂಡಿನಲ್ಲಿ, ಮೋಡೆಮ್ ಮತ್ತು ರೂಟರ್ ಎರಡೂ ಕೂಡಿದ ಪೆಟ್ಟಿಗೆಯನ್ನು ಕೂರಿಸಿ ಹೋಗಿದ್ದಾರೆ. ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಅಳೆದರೆ 85ರಿಂದ 90ರವರೆಗೆ ವೇಗ ತೋರಿಸುತ್ತದೆ. ಆದರೆ ತೊಟ್ಟಿಯ ಆಚೆ ಬದಿಯಲ್ಲಿ ನನ್ನ ಮಗಳು ಬೆಂಗಳೂರಿನ ಕಚೇರಿಯ ಕೆಲಸ ಮಾಡುವ ಕೋಣೆಯಲ್ಲಿ ಅದೇ ಮೊಬೈಲು 4 ಅಥವಾ 5ಕ್ಕಿಂತ ಮೇಲೇರುವುದಿಲ್ಲ. ಸಂಜೆ ಏಳರ ನಂತರವಂತೂ ವಿಡಿಯೊ ಸಭೆಯ ಚಿತ್ರ ನಿಂತುಹೋಗಿ, ಧ್ವನಿ ಮಾತ್ರ ತುಂಡುತುಂಡಾಗಿ ಕೇಳಿಸುತ್ತದೆ. ಗೋಡೆಗಳೆಲ್ಲ ಮಣ್ಣಿನವು, ಒಂದೂವರೆ ಅಡಿಗೂ ಮಿಕ್ಕಿ ದಪ್ಪವಿವೆ. ಮಾಡಿಗೆ ಮಂಗಳೂರು ಹೆಂಚು ಹೊದಿಸಿದೆ.

ಅಂಗಡಿಯವರ ಸಲಹೆಯಂತೆ ವೈಫೈ ಸಿಗ್ನಲ್ಲನ್ನು ಹಿಡಿದು ಮತ್ತೆ ಬಿತ್ತರಿಸುವ ಒಂದು ರಿಪೀಟರ್ ತಂದು ಆ ಕೋಣೆಯ ಪ್ಲಗ್ಗಿಗೇ ಹಾಕಿದೆವು. ಮೊಬೈಲಿನಲ್ಲಿ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿದವು, ವೇಗ ಮಾತ್ರ ಇದ್ದಲ್ಲೇ ಇದೆ. ಸಂಪರ್ಕ ಕೊಟ್ಟವರನ್ನು ವಿಚಾರಿಸಿದರೆ 300 ಮೆಗಾಬಿಟ್ಟಿನ ಯೋಜನೆಗೆ ಬದಲಾಯಿಸಿಕೊಳ್ಳಿ ಎನ್ನುತ್ತಾರೆ. ತಿಂಗಳು ತಿಂಗಳೂ ಹೆಚ್ಚಿನ ಹಣ ಕಟ್ಟತೊಡಗುವ ಮೊದಲು, ಅದರಿಂದ ಪ್ರಯೋಜನವುಂಟೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ: ಹೇಮಾವತಿ ದಡ (ಹಾಸನ)

ಯೋಜನೆ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಜಗಲಿಯಲ್ಲಿ 90 ಬರುವ ಸಂಪರ್ಕ ಒಳಕೋಣೆಯಲ್ಲಿ 5ಕ್ಕೆ ಇಳಿಯುತ್ತದೆಂದರೆ, ಕೊರತೆಯಿರುವುದು ಕಂಬದಿಂದ ಮನೆಗೆ ಬರುವ ದಾರಿಯಲ್ಲಲ್ಲ, ಪೆಟ್ಟಿಗೆಯಿಂದ ಕೋಣೆಗೆ ಹೋಗುವ ದಾರಿಯಲ್ಲಿ. ಮೊದಲನೆಯದನ್ನು ಮೂರು ಪಟ್ಟು ಅಗಲ ಮಾಡಿದರೂ ಎರಡನೆಯದು ಇದ್ದಷ್ಟೇ ಇರುತ್ತದೆ. ಆದರೂ ಸಂಜೆಯ ತೊಂದರೆಗೆ ಬೇರೆ ಕಾರಣ ಇರಬಹುದಾದ್ದರಿಂದ, ಈ ಎರಡು ದಾರಿಗಳನ್ನೂ ಬೇರೆಬೇರೆಯಾಗಿ ಅಳೆದು ನೋಡುವುದು ಅಗತ್ಯ.

ಲ್ಯಾಪ್‌ಟಾಪನ್ನು ಈಥರ್‌ನೆಟ್ ಕೇಬಲ್ಲಿನಿಂದ ನೇರವಾಗಿ ಪೆಟ್ಟಿಗೆಗೆ ಜೋಡಿಸಿ, ಅದರ ವೈಫೈ ಆರಿಸಿ, ಮನೆಯ ಉಳಿದ ಸಾಧನಗಳನ್ನೆಲ್ಲ ಸಂಪರ್ಕದಿಂದ ಬಿಡಿಸಿ, ಬೆಳಿಗ್ಗೆ ಒಮ್ಮೆ ಹಾಗೂ ತೊಂದರೆಯಾಗುವ ಸಂಜೆಯ ಹೊತ್ತಿನಲ್ಲೇ ಒಮ್ಮೆ ವೇಗವನ್ನು ಪರೀಕ್ಷಿಸಿ ಬರೆದಿಡಿ. ಸಂಜೆಯ ಅಂಕಿ ಮಾತ್ರ ಕುಸಿದಿದ್ದರೆ ಅದು ಸಂಪರ್ಕ ಕೊಟ್ಟವರ ಕಡೆಯ ದಟ್ಟಣೆ. ಮನೆಗಳಿಗೆ ಬರುವ ಫೈಬರಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ, ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಸಾಗಿಸುವ ಒಂದು ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಂಡಿರುತ್ತವೆ. ಎಲ್ಲರ ಟಿವಿಯೂ ಒಟ್ಟಿಗೆ ಹತ್ತಿದ ಹೊತ್ತಿನಲ್ಲಿ ಪಾಲು ಕಡಿಮೆಯಾಗುವುದುಂಟು. ಎರಡೂ ಹೊತ್ತು ಅಂಕಿ ಒಂದೇ ಇದ್ದರೆ ಹೊರಗಿನ ಲೈನನ್ನು ಅನುಮಾನಿಸುವ ಕಾರಣವಿಲ್ಲ. (ಪರೀಕ್ಷೆ ತೋರಿಸುವುದು ಮೆಗಾಬಿಟ್‌ಗಳನ್ನು, ಕಡತ ಇಳಿಸುವಾಗ ಕಂಪ್ಯೂಟರ್ ತೋರಿಸುವುದು ಮೆಗಾಬೈಟ್‌ಗಳನ್ನು, ಎಂಟು ಬಿಟ್ ಸೇರಿದರೆ ಒಂದು ಬೈಟ್, ಆದ್ದರಿಂದ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್. ಈ ಎಂಟರ ಲೆಕ್ಕ ತಿಳಿಯದೆ ಲೈನ್‌ಮನ್‌ಗಳ ಮೇಲೆ ಎಗರಿದವರನ್ನು ಸೇವೆಯಲ್ಲಿದ್ದಾಗ ಬೇಕಾದಷ್ಟು ನೋಡಿದ್ದೇನೆ.)

ಪೆಟ್ಟಿಗೆಯ ಒಳಪುಟವನ್ನು (ಬ್ರೌಸರಿನಲ್ಲಿ ಕಾಣುವ ಸೆಟ್ಟಿಂಗ್ಸ್ ಪುಟ) ತೆರೆಯುವುದು ಸಾಧ್ಯವಾದರೆ, ಅಲ್ಲಿ ಫೈಬರಿನಲ್ಲಿ ಬರುವ ಬೆಳಕಿನ ಬಲವನ್ನು ಡಿಬಿಎಂ ಎಂಬ ಮಾನದ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಅದು ಋಣ ಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. -15ರಿಂದ -25ರ ಒಳಗಿದ್ದರೆ ಚಿಂತೆಯಿಲ್ಲ. -27ರ ಆಸುಪಾಸಿಗೆ ಬಂದಿದ್ದರೆ ಎಲ್ಲೋ ಕನೆಕ್ಟರ್ ಕೊಳೆಯಾಗಿದೆ, ಇಲ್ಲವೇ ಫೈಬರನ್ನು ಮೊಳೆಗೋ ಕಿಟಕಿಯ ಅಂಚಿಗೋ ಬಿಗಿಯಾಗಿ ಮಡಿಸಿದ್ದಾರೆಂದು ಅರ್ಥ. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ತುಂಡಾದ ಫೈಬರನ್ನು ಮತ್ತೆ ಜೋಡಿಸಿದ ಕಡೆಗಳಲ್ಲೂ ಹೀಗಾಗುತ್ತದೆ.

ಇನ್ನು ಮನೆಯೊಳಗಿನದು. ಮನೆಯ ವೈಫೈಗೆ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಿರುತ್ತವೆ (ರೇಡಿಯೊ ಅಲೆಗಳ ಬ್ಯಾಂಡ್). 5ರದು ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಜಗಲಿಯಲ್ಲಿ ನಿಮ್ಮ ಮೊಬೈಲು ಬಹುಶಃ 5ರಲ್ಲಿರುತ್ತದೆ. ಮಣ್ಣಿನ ಗೋಡೆಗಳು ಅಡ್ಡ ಬಂದೊಡನೆ 2.4ಕ್ಕೆ ಜಾರಿ, ಅದೂ ಕ್ಷೀಣಿಸಿದಾಗ ತೀರಾ ನಿಧಾನದ ದರಕ್ಕೆ ಇಳಿಯುತ್ತದೆ. ನೀರು ಈ ಅಲೆಗಳನ್ನು ಹೀರುವುದರಿಂದ, ಜುಲೈ ತಿಂಗಳಿನಲ್ಲಿ ಥಂಡಿ ಹಿಡಿದ ಮಣ್ಣಿನ ಗೋಡೆ ಬೇಸಿಗೆಯ ಗೋಡೆಗಿಂತಲೂ ದೊಡ್ಡ ಅಡ್ಡಿ. ಸಿಗ್ನಲ್ಲಿನ ಬಲ -67 ಡಿಬಿಎಂಗಿಂತ ಕೆಳಗಿಳಿದರೆ ವಿಡಿಯೊ ಸಭೆ ನೆಚ್ಚುವಂತಿರುವುದಿಲ್ಲ. ಬಲವನ್ನು ತೋರಿಸುವ ಆ್ಯಪ್‌ಗಳು ಉಚಿತವಾಗಿಯೇ ಸಿಗುತ್ತವೆ.

ರಿಪೀಟರ್ ಏಕೆ ಕೈಕೊಟ್ಟಿತೆಂಬುದೂ ಇದರಿಂದಲೇ ತಿಳಿಯುತ್ತದೆ. ಕೇಳಿಸದ ಮಾತನ್ನು ಮೈಕಿನಲ್ಲಿ ಹೇಳಿದರೂ ಕೇಳಿಸದ ಮಾತೇ. ಸಿಗ್ನಲ್ ಸತ್ತ ಕೋಣೆಯಲ್ಲಿ ಇಟ್ಟ ರಿಪೀಟರ್ ಆ ಸತ್ತ ಸಿಗ್ನಲ್ಲನ್ನೇ ಹಿಡಿದು ದೊಡ್ಡದಾಗಿ ಬಿತ್ತರಿಸುತ್ತದೆ. ಗೆರೆಗಳು ತೋರಿಸುವುದು ಮೊಬೈಲಿಗೂ ರಿಪೀಟರಿಗೂ ಇರುವ ನಂಟನ್ನು ಮಾತ್ರ. ಮೇಲಾಗಿ ಅಗ್ಗದ ರಿಪೀಟರುಗಳು ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ರೇಡಿಯೊ ಬಳಸುವುದರಿಂದ, ಬಂದ ವೇಗವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಉತ್ತರ: ಏಲಕ್ಕಿಮಲೆ (ಸಕಲೇಶಪುರ)

ನಮ್ಮ ಮನೆಯೂ ಇಂಥದೇ. ಅಟ್ಟದ ಮೇಲಿನಿಂದ ಕೇಬಲ್ ಎಳೆಸಿ, ಒಳಗಿನ ಕೋಣೆಯ ಹತ್ತಿರ ಎರಡನೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ (ಮೊದಲ ರೂಟರಿನ ಸಂಪರ್ಕವನ್ನು ವೈಫೈಯಲ್ಲಿ ಹಂಚುವುದಷ್ಟೇ ಅದರ ಕೆಲಸ) ಹಾಕಿಸಿದ ಮೇಲೆ ಈ ಚರ್ಚೆಯೇ ಮನೆಯಲ್ಲಿ ನಿಂತುಹೋಯಿತು. ಎರಡು ಎಚ್ಚರಿಕೆಗಳನ್ನು ಹೇಳಬೇಕು. ಅಟ್ಟದಲ್ಲಿ ಇಲಿಗಳಿರುವುದರಿಂದ ಕೇಬಲ್ಲನ್ನು ಪಿವಿಸಿ ಪೈಪಿನೊಳಗೇ ತರಬೇಕು. ಕ್ಯಾಟ್ 6 (ಈಥರ್‌ನೆಟ್ ಕೇಬಲ್ಲಿನ ಒಂದು ದರ್ಜೆ) ಎಂದು ಹೆಸರು ಹಾಕಿ ಅಗ್ಗಕ್ಕೆ ಮಾರುವ ಕೇಬಲ್ಲುಗಳಲ್ಲಿ ಅಲ್ಯೂಮಿನಿಯಂ ಎಳೆಯ ಮೇಲೆ ತಾಮ್ರ ಲೇಪಿಸಿರುತ್ತಾರೆ. ಅಪ್ಪಟ ತಾಮ್ರದ್ದನ್ನೇ ಕೇಳಿ ತನ್ನಿ. 100 ಮೀಟರಿನವರೆಗೆ ಈಥರ್‌ನೆಟ್‌ಗೆ ಯಾವ ತೊಂದರೆಯೂ ಇಲ್ಲ, ಯಾವ ತೊಟ್ಟಿಮನೆಯೂ ಅಷ್ಟು ಉದ್ದವಿರುವುದಿಲ್ಲ. ಆಕ್ಸೆಸ್ ಪಾಯಿಂಟ್ ಆಗಿ ಬದಲಿಸುವುದನ್ನು ಮರೆತರೆ ಎರಡು ರೂಟರುಗಳೂ ಯಜಮಾನಿಕೆ ನಡೆಸತೊಡಗಿ, ಪ್ರಿಂಟರಿನಂಥವು ಒಂದು ಕಡೆ ಕಂಡು ಇನ್ನೊಂದು ಕಡೆ ಕಾಣದಾಗುತ್ತವೆ.

ಉತ್ತರ: ಮುಳ್ಳಯ್ಯನಗಿರಿ ಗಾಳಿ (ಚಿಕ್ಕಮಗಳೂರು)

ಜಿಲ್ಲೆಯ ಹೋಂಸ್ಟೇಗಳಿಗೆ ವೈಫೈ ಅಳವಡಿಸುವುದು ನನ್ನ ಉದ್ಯೋಗ. ಕೇಬಲ್ಲೇ ಉತ್ತಮವೆಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ಹಳೆಯ ಮನೆಯ ಗೋಡೆ ಕೊರೆಯಲು ಒಪ್ಪದ ಹಿರಿಯರು ಇರುತ್ತಾರೆ, ಅವರನ್ನು ಒಪ್ಪಿಸುವುದು ನಮ್ಮ ಕೆಲಸವೂ ಅಲ್ಲ. ತೊಟ್ಟಿಮನೆಯಲ್ಲಿ ಅದಕ್ಕೊಂದು ಅನುಕೂಲವಿದೆ: ನಡುವಿನ ತೊಟ್ಟಿ ಬಯಲು. ಜಗಲಿಯ ಮೂಲೆಯ ಗೂಡಿನಿಂದ ಸಿಗ್ನಲ್ ಒಂದರ ಹಿಂದೊಂದು ಗೋಡೆಗಳನ್ನು ಓರೆಯಾಗಿ ಸೀಳಿಕೊಂಡು ಹೋಗುವ ಬದಲು, ಪೆಟ್ಟಿಗೆಯನ್ನು ತೊಟ್ಟಿಗೆ ಮುಖಮಾಡಿದ ಪಡಸಾಲೆಯ ಕಂಬದ ಮೇಲ್ಭಾಗಕ್ಕೆ, ಇರಚಲು ತಾಗದಂತೆ, ಸರಿಸಿದರೆ ಅದು ಬಯಲನ್ನು ದಾಟಿ ಎದುರು ಕೋಣೆಯ ಮರದ ಬಾಗಿಲ ಮೂಲಕ ಒಳಹೋಗುತ್ತದೆ. ಒಣಗಿದ ಮರ ಅಲೆಗಳಿಗೆ ಅಷ್ಟೇನೂ ಅಡ್ಡಿಯಲ್ಲ. ಕಬ್ಬಿಣದ ಬೀರು, ನಿಲುವುಗನ್ನಡಿ, ನೀರಿನ ಡ್ರಮ್ ಆ ದಾರಿಯಲ್ಲಿ ಇರಬಾರದು. ತೊಟ್ಟಿಗೆ ತಗಡಿನ ಶೀಟು ಹೊದಿಸಿದ್ದರೂ ಸಿಗ್ನಲ್ ಅಡ್ಡಡ್ಡವಾಗಿ ಹೋಗುವುದರಿಂದ ನಷ್ಟವಿಲ್ಲ.

ಸಕಲೇಶಪುರದವರು ಹೇಳಿದ ಅಟ್ಟದ ಬಗ್ಗೆ ಒಂದು ಮಾತು ಸೇರಿಸಬೇಕು. ಕೇಬಲ್ ಅಟ್ಟದ ಮೇಲೆ ಹೋಗಲಿ, ಆದರೆ ರೂಟರನ್ನು ಅಲ್ಲಿಯೇ ಇಟ್ಟು ಕೆಳಗೆ ಸಿಗ್ನಲ್ ಬರಲೆಂದು ಕಾಯಬೇಡಿ. ಮಲೆನಾಡಿನ ಅನೇಕ ಮನೆಗಳಲ್ಲಿ ಹಲಗೆಯ ಮುಚ್ಚಿಗೆಯ ಮೇಲೆ ಗೇಣುದ್ದ ಮಣ್ಣು ಹಾಕಿರುತ್ತಾರೆ. ಅದು ಮಲಗಿಸಿದ ಗೋಡೆಯೇ ಸರಿ.

ರಿಪೀಟರನ್ನು ಎಸೆಯಬೇಡಿ. ಅದೇ ಸಾಧನವನ್ನು ಸಿಗ್ನಲ್ ಇನ್ನೂ ಚೆನ್ನಾಗಿರುವ ಅರ್ಧ ದಾರಿಯಲ್ಲಿ ಇಟ್ಟು ನೋಡಿ. ಸಾಲದಿದ್ದರೆ ಎರಡೂ ಪಟ್ಟಿಗಳಲ್ಲಿ ಕೆಲಸ ಮಾಡುವ ಮೆಶ್ ಜೋಡಿಯನ್ನು (ತಮ್ಮೊಳಗೇ ಹೊಂದಿಕೊಂಡು ಒಂದೇ ವೈಫೈ ಹಂಚುವ ಎರಡು ಸಾಧನಗಳು) ಕೊಂಡು, ತೊಟ್ಟಿಯ ಎರಡು ಬದಿಗಳಲ್ಲಿ ಒಂದಕ್ಕೊಂದು ಕಾಣುವಂತೆ ಕೂರಿಸಬಹುದು.

ವೈಫೈಯ ಚಾನೆಲ್ (ಪಟ್ಟಿಯೊಳಗಿನ ಒಂದು ಪುಟ್ಟ ಭಾಗ) ಬದಲಿಸಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಹಾಸನದ ಬಡಾವಣೆಗಳಲ್ಲೋ ನಮ್ಮ ಪೇಟೆಯಲ್ಲೋ ಅದು ಸರಿ, ಏಕೆಂದರೆ ಅಕ್ಕಪಕ್ಕದ ಮನೆಗಳ ರೂಟರುಗಳು 2.4ರ ಪಟ್ಟಿಯಲ್ಲಿ ಕಿಕ್ಕಿರಿದಿರುತ್ತವೆ, ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದರೆ 1, 6 ಮತ್ತು 11 ಮಾತ್ರ. ತೋಟದ ನಡುವಿನ ಒಂಟಿ ಮನೆಯಲ್ಲಿ ಅದರಿಂದ ಏನೂ ಆಗುವುದಿಲ್ಲ. ಅದರ ಬದಲು ಭದ್ರತೆಯ ಪುಟವನ್ನೊಮ್ಮೆ ನೋಡಿ: ಅಲ್ಲಿ ಟಿಕೆಐಪಿ ಎಂಬ ಹಳೆಯ ಗೂಢಲಿಪಿ ವಿಧಾನದ ಆಯ್ಕೆ ಉಳಿದಿದ್ದರೆ ವೈಫೈ 54 ಮೆಗಾಬಿಟ್ಟಿನ ಹಳೆಯ ದರವನ್ನು ದಾಟುವುದಿಲ್ಲ. ಭದ್ರತೆಗೆ ಡಬ್ಲ್ಯುಪಿಎ2, ಗೂಢಲಿಪಿಗೆ ಎಇಎಸ್ ಎಂಬ ಆಯ್ಕೆಗಳು ಇರಬೇಕು.

ಸಂಜೆಯ ವಿಷಯದಲ್ಲಿ ನನ್ನ ಅನುಮಾನ ಬೇರೆ. ತೋಟದಿಂದ, ಪೇಟೆಯಿಂದ ಎಲ್ಲರೂ ಮನೆಗೆ ಬಂದು ಅವರವರ ಮೊಬೈಲುಗಳು ವೈಫೈ ಹಿಡಿದೊಡನೆ, ದಿನವಿಡೀ ತೆಗೆದ ಚಿತ್ರಗಳನ್ನೂ ವಿಡಿಯೊಗಳನ್ನೂ ತಾವಾಗಿಯೇ ಮೇಲೇರಿಸತೊಡಗುತ್ತವೆ. ದುರ್ಬಲ ವೈಫೈಯಲ್ಲಿ ಒಂದು ಸಾಧನ ನಿಧಾನವಾಗಿ ಕಳಿಸುತ್ತಿರುವಷ್ಟು ಹೊತ್ತೂ ಉಳಿದವು ಸರದಿಗೆ ಕಾಯಬೇಕು. ಸಭೆಗೆ ಬೇಕಾದ ವೇಗ 3 ಅಥವಾ 4 ಮೆಗಾಬಿಟ್ ಅಷ್ಟೇ. ಅದನ್ನು ಕೆಡಿಸುವುದು ಈ ಕಾಯುವಿಕೆ. ಮಗಳ ಕೋಣೆಯಿಂದ ರೂಟರಿಗೆ, ಸಾಮಾನ್ಯವಾಗಿ 192.168.1.1 ಎಂಬ ವಿಳಾಸಕ್ಕೆ, ಪಿಂಗ್ ಮಾಡಿ, ಎಂದರೆ ಒಂದು ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಹಿಡಿಯುವ ಹೊತ್ತನ್ನು ಅಳೆಯಿರಿ. ಉತ್ತರ ಕೆಲವೇ ಮಿಲಿಸೆಕೆಂಡುಗಳಲ್ಲಿ ಬರಬೇಕು. ನೂರಾರು ಮಿಲಿಸೆಕೆಂಡು ತಗುಲಿದರೆ ದೋಷ ಮನೆಯೊಳಗೇ ಇದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಣದಂಚು (ಮೂಡಿಗೆರೆ)

ಎಲ್ಲರಿಗೂ ಕೃತಜ್ಞತೆಗಳು. ಕೇಬಲ್ಲಿನಲ್ಲಿ ಅಳೆದಾಗ ಬೆಳಿಗ್ಗೆ 94, ಸಂಜೆ 93 ಬಂದಿತು. ಬೆಳಕಿನ ಬಲ -21 ಎಂದು ತೋರಿಸುತ್ತಿದೆ. ಸಂಜೆ ಕೋಣೆಯಿಂದ ಪಿಂಗ್ ಮಾಡಿದರೆ 250ರಿಂದ 600 ಮಿಲಿಸೆಕೆಂಡಿನವರೆಗೆ ಹೊಯ್ದಾಡುತ್ತದೆ. ಮನೆಯವರ ಮೊಬೈಲುಗಳಲ್ಲಿ ಚಿತ್ರ ಮೇಲೇರಿಸುವುದನ್ನು ನಿಲ್ಲಿಸಿದಾಗ 40ರ ಸುತ್ತ ನಿಂತಿತು. ಕೊರೆಯುವುದಕ್ಕೆ ಮನೆಯಲ್ಲಿ ಒಪ್ಪಿಗೆ ದೊರೆತಿದೆ, ಆದ್ದರಿಂದ ಕೇಬಲ್ ಎಳೆಸಿ ಪಡಸಾಲೆಯ ಕಂಬದಲ್ಲಿ ಆಕ್ಸೆಸ್ ಪಾಯಿಂಟ್ ಕೂರಿಸುತ್ತೇವೆ. ಅದರ ಜೊತೆಯಲ್ಲೇ, ಕಾಫಿ ಒಣಗಿಸುವ ಕಣದ ಆಚೆ ಸುಮಾರು 60 ಮೀಟರ್ ದೂರದಲ್ಲಿರುವ ಔಟ್‌ಹೌಸಿಗೂ ಅದೇ ಕೇಬಲ್ಲನ್ನು ಮೇಲಿಂದ ಎಳೆಯಬಹುದೇ?

ಉತ್ತರ: ಹೇಮಾವತಿ ದಡ (ಹಾಸನ)

94 ಎಂಬ ಅಂಕಿಯನ್ನು ಗಮನಿಸಿ. ನೂರು ಮೆಗಾಬಿಟ್ಟಿನ ಈಥರ್‌ನೆಟ್ ಪೋರ್ಟಿನಲ್ಲಿ ಬಳಕೆಗೆ ದೊರೆಯುವ ಗರಿಷ್ಠ ವೇಗ ಸರಿಸುಮಾರು ಅಷ್ಟೇ. ನಿಮ್ಮ ಪೆಟ್ಟಿಗೆಯ ಅಥವಾ ಲ್ಯಾಪ್‌ಟಾಪಿನ ಪೋರ್ಟು ಗಿಗಾಬಿಟ್ಟಿನದಲ್ಲದೆ ಇದ್ದರೆ, 300ರ ಯೋಜನೆ ತೆಗೆದುಕೊಂಡಿದ್ದರೂ ಕೇಬಲ್ಲಿನಲ್ಲಿ ಇದೇ 94 ಕಾಣುತ್ತಿತ್ತು. ಹೊಸ ಆಕ್ಸೆಸ್ ಪಾಯಿಂಟ್ ಕೊಳ್ಳುವಾಗ ಗಿಗಾಬಿಟ್ ಪೋರ್ಟ್ ಇರುವುದನ್ನೇ ಆರಿಸಿ. ಮುಂದೆ ಯೋಜನೆ ಬದಲಿಸಿದರೆ ಪ್ರಯೋಜನಕ್ಕೆ ಬರುತ್ತದೆ.

ಔಟ್‌ಹೌಸಿಗೆ ತಾಮ್ರದ ಕೇಬಲ್ ಖಂಡಿತ ಬೇಡ. ದೂರ ಮಿತಿಯೊಳಗೇ ಇದೆ, ಅಡ್ಡಿ ಅದಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಸೀಮೆಯ ಗುಡುಗುಮಳೆ ಹೇಗಿರುತ್ತದೆಂಬುದು ನಿಮಗೆ ಗೊತ್ತಿದೆ. ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ತೂಗುವ ತಾಮ್ರಕ್ಕೆ ಸಿಡಿಲು ನೇರವಾಗಿ ಹೊಡೆಯಬೇಕೆಂದಿಲ್ಲ. ಹತ್ತಿರ ಎಲ್ಲಿಯಾದರೂ ಬಿದ್ದರೂ ಅದರಲ್ಲಿ ಹುಟ್ಟುವ ವೋಲ್ಟೇಜು ಎರಡೂ ತುದಿಯ ಸಾಧನಗಳನ್ನು ಸುಟ್ಟುಹಾಕಬಹುದು. ಎರಡು ಕಟ್ಟಡಗಳ ಅರ್ಥಿಂಗ್ ಬೇರೆಬೇರೆಯಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಅಲ್ಲಿಗೆ ಫೈಬರನ್ನೇ ಎಳೆಸಿ, ಎರಡು ತುದಿಗಳಲ್ಲೂ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಈಥರ್‌ನೆಟ್‌ಗೂ ಈಥರ್‌ನೆಟ್ಟನ್ನು ಬೆಳಕಿಗೂ ಬದಲಿಸುವ ಸಾಧನ) ಹಾಕಿಸಿ. ಬಲಕ್ಕೆಂದು ಉಕ್ಕಿನ ತಂತಿ ಸೇರಿಸಿರುವ ಫೈಬರ್ ಕೇಬಲ್ಲುಗಳೂ ಮಾರುಕಟ್ಟೆಯಲ್ಲಿವೆ. ಲೋಹವೇ ಇಲ್ಲದ ಬಗೆಯನ್ನು ಕೇಳಿ ಪಡೆಯಿರಿ. ಕಣದ ಅಂಚಿನಲ್ಲಿ ನೆಲದೊಳಗೆ ಪೈಪು ಹೂಳಿ ತಂದರೆ ಕೊಂಬೆ ಬೀಳುವ ಭಯವೂ ಇರುವುದಿಲ್ಲ. ಆ ಪೈಪಿನಲ್ಲಿ ಒಂದು ಹೆಚ್ಚಿನ ಎಳೆಯನ್ನೂ ಈಗಲೇ ಸೇರಿಸಿಟ್ಟುಬಿಡಿ, ಮತ್ತೆ ಅಗೆಸುವ ಕೂಲಿಗಿಂತ ಅದು ಅಗ್ಗ.