ಪದಚರ್ಚೆ: ಬೆನ್ನಿನ ಡಿಸ್ಕಿನ ಉರಿಯೂತಕ್ಕೆ ಏನನ್ನೋಣ?

ಬನಹಟ್ಟಿಯ ನೇಕಾರರಿಗಾಗಿ ಒಂದು ಗೋಡೆಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಡಿಸ್ಕೈಟಿಸ್ ಅನ್ನೋ ಪದಕ್ಕೆ ಬಂದು ಕೈ ನಿಂತಿದೆ.

ನಿನ್ನೆ ಬಂದ ಸಲಹೆಗಳಲ್ಲಿ ‘ಕಶೇರು ಚಕ್ರ ಶೋಥ’ ಬೇಡವೇ ಬೇಡ. ಮಗ್ಗದ ಮುಂದೆ ಕೂತವರಿಗೆ ಅದನ್ನು ಬಿಡಿಸಿ ಹೇಳಲು ಇನ್ನೊಬ್ಬರು ಬೇಕಾಗುತ್ತಾರೆ. ‘ಬೆನ್ನುಹುರಿಯ ಉರಿಯೂತ’ ಅಂತೂ ತಪ್ಪು. ಬೆನ್ನುಹುರಿ ಅಂದರೆ ನರದ ಹುರಿ, ಬೆನ್ನೆಲುಬಿನ ಒಳಗೆ ಇಳಿಯುವುದು. ಡಿಸ್ಕ್ ಇರುವುದು ಮಣಕ ಮಣಕದ ನಡುವೆ, ಅಂದರೆ ಬೆನ್ನೆಲುಬಿನ ಒಂದೊಂದು ಮೂಳೆಯ ನಡುವೆ. ಪತ್ರಿಕೆಗಳಲ್ಲೂ ಇವೆರಡನ್ನು ಕಲಸಿಬಿಡುತ್ತಾರೆ. ಓದಿದಾಗೆಲ್ಲ ಸಂಕಟವಾಗುತ್ತದೆ.

‘ಉರಿಯೂತ’ ಮಾತ್ರ ಬಿಡಲಾರೆ. ನೋಡು ನೋಟ, ಓಡು ಓಟ, ಹಾಗೇ ಊದು ಊತ. ಹಳೆಯ ರೋಮಿನಲ್ಲಿ ವೈದ್ಯದ ಪುಸ್ತಕ ಬರೆದ ಸೆಲ್ಸಸ್ ಉರಿಯೂತಕ್ಕೆ ಕೊಟ್ಟ ಗುರುತು ನಾಲ್ಕು: ಕೆಂಪು, ಊತ, ಬಿಸಿ, ನೋವು. ಅದರಲ್ಲಿ ಎರಡು ನಮ್ಮ ಒಂದೇ ಪದದೊಳಗಿವೆ, ಎಷ್ಟು ಚೆಂದ ಅಲ್ವಾ? ‘ಬಾವು’ ನಮ್ಮ ಕಡೆಯ ಮಾತೇ. ಆದರೆ ಬಾವು ಅಂದರೆ ಜನ ಕಣ್ಣಿಗೆ ಕಾಣೋ ಊತ ಅಂದುಕೊಳ್ಳುತ್ತಾರೆ. ಇಲ್ಲಿ ಹೊರಗೆ ಏನೂ ಕಾಣದೇ ಇರಬಹುದು.

ಡಿಸ್ಕಿಗೆ ನನ್ನ ಮಾತು ‘ಗಾದಿ’. ‘ಬಿಲ್ಲೆ’ ಅನ್ನಬಹುದಲ್ಲ ಅಂದರೆ, ಬಿಲ್ಲೆ ಗಟ್ಟಿ ವಸ್ತು. ಡಿಸ್ಕಿನ ಸುತ್ತ ನಾರು, ನಡುವೆ ಲೋಳೆಯಂಥ ತಿರುಳು. ಭಾರ ತಡೆಯುವುದೇ ಅದರ ಕೆಲಸ. ಗಾದಿ ಹೊರಗಿನದು ಅಂತ ತಳ್ಳಿಹಾಕಿದವರು ಕೇಳಿ. ಮಣಕವೂ ಮರಾಠಿಯಿಂದ ಬಂದಿದ್ದೇ. ಬೆಳಗಾವಿಯಲ್ಲಿ ಅದನ್ನು ಯಾರ ಬಾಯಿಂದ ಕಿತ್ತುಕೊಳ್ಳುತ್ತೀರಿ? ‘ಶೋಥ’ ಎರವಲಲ್ಲವೇ? ಸಂಸ್ಕೃತಕ್ಕೆ ಬಾಗಿಲು ತೆರೆದು ಪಕ್ಕದ ಮನೆಯ ಮರಾಠಿಗೆ ಚಿಲಕ ಹಾಕುವುದು ನ್ಯಾಯವಲ್ಲ.

ಸುಮ್ನೆ ಹಟ ಮಾಡುತ್ತಿಲ್ಲ, ಹೆಸರು ಓದಿದ ಕೂಡಲೇ ರೋಗ ತಿಳಿಯಬೇಕು. ಡಿಸ್ಕೈಟಿಸ್ ಅಂದರೆ ಡಿಸ್ಕ್ ಜಾರಿದ್ದಲ್ಲ. ಹೆಚ್ಚಾಗಿ ಬ್ಯಾಕ್ಟೀರಿಯಾ ರಕ್ತದ ಜೊತೆ ಬಂದು ಅಲ್ಲಿ ಸೇರಿರುತ್ತದೆ. ದೊಡ್ಡವರ ಡಿಸ್ಕಿಗೆ ರಕ್ತ ಹೋಗುವುದೇ ತೀರ ಕಡಿಮೆ. ಅದಕ್ಕೇ ಆಂಟಿಬಯೋಟಿಕ್ ವಾರಗಟ್ಟಲೆ ಬೇಕಾಗುತ್ತದೆ. ಮಲಗಿದರೂ ನೋವು ಇಳಿಯುವುದಿಲ್ಲ, ರಾತ್ರಿ ಜಾಸ್ತಿ ಆಗುವುದೂ ಉಂಟು. ಜ್ವರ ಬಂದೇ ಬರುತ್ತದೆ ಅಂತಿಲ್ಲ. ‘ಟೊಂಕ ಹಿಡಿದೈತಿ’ ಅಂತ ಎಣ್ಣೆ ತಿಕ್ಕಿಸಿಕೊಂಡು ಕೂತರೆ ವಾರಗಳೇ ಹೋಗಿಬಿಡುತ್ತವೆ.

ಸದ್ಯ ದಪ್ಪ ಅಕ್ಷರದಲ್ಲಿ ‘ಮಣಕದ ಗಾದಿಯ ಉರಿಯೂತ’, ಕೆಳಗೆ ಸಣ್ಣದಾಗಿ ‘ಡಿಸ್ಕೈಟಿಸ್’ ಅಂತ ಇಟ್ಟಿದ್ದೇನೆ. ಇಳಕಲ್, ಮುದ್ದೇಬಿಹಾಳದ ಕಡೆ ಮಣಕಕ್ಕೆ ಬೇರೆ ಮಾತಿದ್ದರೆ ಇವತ್ತು ರಾತ್ರಿಯೊಳಗೆ ತಿಳಿಸಿ.