ಇನ್ನೂ ಹುಟ್ಟದ ಗುರುವಿನ ಪಾಠಗಳು

"ಡೋರೆಮಾನ್ ಕಾರ್ಟೂನ್ ನೋಡಿ ಮಕ್ಕಳು ಕೆಡುತ್ತಾರೆ ಅಂತಾರೆ. ನನ್ನ ಕೇಳಿದರೆ ದೊಡ್ಡವರೇ ಕೂತು ನೋಡಬೇಕು" ಅಂದರು ಮೇಷ್ಟ್ರು.

"ಕೂತು ಯಾಕೆ, ಮಲಗಿ ನೋಡೋಣ" ಅಂದ ಸೀನ. "ನನ್ನ ಗುರು ಅದರಲ್ಲಿ ಬರೋ ಸೋಮಾರಿ ಹುಡುಗ ನೋಬಿಟಾ. 0.93 ಸೆಕೆಂಡಿನಲ್ಲಿ ನಿದ್ದೆ ಹೋಗುತ್ತಾನೆ. ತಲೆ ದಿಂಬು ಮುಟ್ಟೋದೂ ಗೊರಕೆ ಶುರುವಾಗೋದೂ ಒಟ್ಟಿಗೇ. ಎಷ್ಟು ಧ್ಯಾನ ಮಾಡಿದರೂ ನಮಗೆ ಅದು ಬರುತ್ತಾ?"

ಸೀನನ ಗುರುಭಕ್ತಿ ಯಾವತ್ತೂ ಹೀಗೇ. ಕೆಲಸ ಇಲ್ಲದ ಕಡೆಗೇ ವಾಲುತ್ತದೆ.

"ನಾನು ಹೇಳಿದ್ದು ಡೋರೆಮಾನ್ ವಿಷಯ ಕಣಯ್ಯ."

"ಅವನ ಹುಟ್ಟುಹಬ್ಬ 2112ರ ಸೆಪ್ಟೆಂಬರ್ 3 ಮೇಷ್ಟ್ರೇ. ಅಂದರೆ ಇನ್ನೂ ಹುಟ್ಟೇ ಇಲ್ಲ! ಎತ್ತರ 129.3 ಸೆಂಟಿಮೀಟರ್, ತೂಕ 129.3 ಕಿಲೋ. ಹೆಸರಿಗೆ ರೋಬೋ ಬೆಕ್ಕು, ಇಲಿ ಕಂಡರೆ ಓಟ."

"ಇಲಿ ನಿನ್ನ ಎರಡೂ ಕಿವಿ ತಿಂದಿದ್ದರೆ ನೀನೂ ಓಡುತ್ತಿದ್ದೆ ಕಣೋ" ಅಂದಳು ಸುಮಾ. "2008ರಲ್ಲಿ ಜಪಾನಿನ ವಿದೇಶಾಂಗ ಇಲಾಖೆ ಅವನನ್ನೇ ಅನಿಮೆ ರಾಯಭಾರಿ ಮಾಡಿತು. ಹುಟ್ಟೋಕೆ 104 ವರ್ಷ ಮೊದಲೇ ಸರ್ಕಾರಿ ಹುದ್ದೆ! ನಿನಗೆ ಹುಟ್ಟಿದ ಮೇಲೂ ಸಿಕ್ಕಿಲ್ಲ."

ನಾನು ಬ್ರೆಡ್ ಕಥೆ ನೆನಪಿಸಿದೆ. ಡೋರೆಮಾನ್ ತನ್ನ ಮಾಯದ ಜೇಬಿನಿಂದ ತೆಗೆದುಕೊಡುವ ಬ್ರೆಡ್ಡನ್ನು ಪುಸ್ತಕದ ಪುಟಕ್ಕೆ ಒತ್ತಿದರೆ ಅಕ್ಷರ ಮೂಡುತ್ತದೆ, ತಿಂದರೆ ಪಾಠ ಬಾಯಿಗೆ ಬರುತ್ತದೆ. ನೋಬಿಟಾ ಪರೀಕ್ಷೆಗೆ ಅಂತ ಹೊಟ್ಟೆ ಬಿರಿಯ ತಿಂದ. ಹೊಟ್ಟೆ ಕೆಟ್ಟಿತು. ಓದಿದ್ದೆಲ್ಲ ಎಲ್ಲಿ ಹೋಗಬೇಕೋ ಅಲ್ಲಿಗೆ ಹೋಯಿತು.

"ನನ್ನ ವಿದ್ಯಾರ್ಥಿಗಳು ಇದನ್ನು ಬ್ರೆಡ್ ಇಲ್ಲದೇನೇ ಮಾಡುತ್ತಾರೆ" ಅಂತ ಮೇಷ್ಟ್ರು ನಿಟ್ಟುಸಿರು ಬಿಟ್ಟರು.

ನಿಜವಾದ ಜಗಳ ಶುರುವಾಗಿದ್ದು ಸೆವಾಶಿಯ ಲೆಕ್ಕದಲ್ಲಿ. ಸೆವಾಶಿ ನೋಬಿಟಾನ ಮರಿಮೊಮ್ಮಗನ ಮಗ, ಡೋರೆಮಾನ್‌ನನ್ನು ಭವಿಷ್ಯದಿಂದ ನೋಬಿಟಾ ಹತ್ತಿರ ಕಳಿಸಿದವನು. ಯಾಕೆ ಕಳಿಸಿದ? ಪ್ರೀತಿಯಿಂದಲ್ಲ, ಸಾಲದಿಂದ. ಮುಂದೆ ನೋಬಿಟಾ ಕಂಪನಿ ಕಟ್ಟುತ್ತಾನೆ. ಅದು ಸುಟ್ಟುಹೋಗಿ, ದಿವಾಳಿಯಾಗಿ, ಸಾಲ ತಲೆಮಾರುಗಟ್ಟಲೆ ತೀರುವುದಿಲ್ಲ. ಸೆವಾಶಿಗೆ ಹೊಸ ವರ್ಷಕ್ಕೆ ಸಿಗುವ ಉಡುಗೊರೆ ದುಡ್ಡು ಬರೀ 50 ಯೆನ್. ಅದಕ್ಕೇ ಮುತ್ತಜ್ಜನ ಅಪ್ಪನನ್ನು ರಿಪೇರಿ ಮಾಡಿಸಲು ಹೊರಟ.

"ಇಲ್ಲೇ ತಪ್ಪಿದೆ" ಅಂತ ಸೀನ ಎದ್ದು ಕೂತ. "ಮೊದಲಿನ ಭವಿಷ್ಯದಲ್ಲಿ ನೋಬಿಟಾ ಮದುವೆಯಾಗೋದು ಅವನನ್ನ ಗೋಳುಹೊಯ್ದುಕೊಳ್ಳೋ ಜಿಯಾನ್ ತಂಗಿ ಜೈಕೊಳನ್ನ. ಬದಲಾದ ಮೇಲೆ ಗೆಳತಿ ಶಿಝುಕಾಳನ್ನ. ಅಜ್ಜಿಯೇ ಬದಲಾದರೆ ಸೆವಾಶಿ ಹುಟ್ಟೋದು ಹೆಂಗೆ?"

"ನೋಬಿಟಾ ಕೂಡ ಅದನ್ನೇ ಕೇಳಿದ. ಒಸಾಕಾಗೆ ಯಾವ ದಾರೀಲಿ, ಯಾವ ಗಾಡೀಲಿ ಹೋದರೂ, ದಿಕ್ಕು ಸರಿ ಇದ್ದರೆ ತಲುಪುತ್ತೀಯ ಅಂತ ಸೆವಾಶಿ ಹೇಳಿದ" ಅಂದೆ.

"ಅಜ್ಜಿ ಏನು ರೈಲಾ?"

ಮೇಷ್ಟ್ರು ಜೀವಶಾಸ್ತ್ರ ಹಿಡಿದುಕೊಂಡು ಬಹಳ ಹೊತ್ತು ಒದ್ದಾಡಿದರು. ಯಾರಿಗೂ ಸಮಾಧಾನವಾಗಲಿಲ್ಲ. ನನಗಂತೂ ಸೆವಾಶಿ ಆ ಪ್ರಶ್ನೆ ಕೇಳಿಸಿಕೊಂಡು ಗಾಬರಿಯಾಗಲಿಲ್ಲವಲ್ಲ, ಅದೇ ಆಶ್ಚರ್ಯ.

"ಶಿಝುಕಾ ಅವನನ್ನ ಯಾಕೆ ಒಪ್ಪಿದಳು ಅಂತ ಕೇಳಿ" ಅಂದಳು ಸುಮಾ. "ಮದುವೆಯ ಹಿಂದಿನ ರಾತ್ರಿ ಅವಳಿಗೇ ಅಳುಕು. ಆಗ ಅವಳಪ್ಪ ಹೇಳುತ್ತಾನೆ, ಆ ಹುಡುಗ ಇನ್ನೊಬ್ಬರ ಸುಖ ಬಯಸುತ್ತಾನೆ, ಇನ್ನೊಬ್ಬರ ಕಷ್ಟಕ್ಕೆ ಮರುಗುತ್ತಾನೆ ಅಂತ. ಅಂಕಪಟ್ಟಿ ಕೇಳಲೇ ಇಲ್ಲ. ಆ ಗುಣವನ್ನ ಡೋರೆಮಾನ್ ಜೇಬಿನಿಂದ ತೆಗೆದುಕೊಟ್ಟಿದ್ದಲ್ಲ. ಅದು ಮೊದಲೇ ಇತ್ತು."

ಮೇಷ್ಟ್ರು ಸುಮ್ಮನಾದರು. ಸೊನ್ನೆ ಕೊಟ್ಟ ಮುಖಗಳೆಲ್ಲ ನೆನಪಾದವೋ ಏನೋ.

"ಎಲ್ಲ ಸರಿ. ಪಾಪ, ಜೈಕೊ ಗತಿ ಏನು?" ಸೀನ ಬಿಡುವ ಜಾತಿಯಲ್ಲ.

"ಪಾಪ ಯಾಕೋ? ಅವಳು ಕ್ರಿಸ್ಟೀನ್ ಗೋಡಾ ಅನ್ನೋ ಹೆಸರಿಟ್ಟುಕೊಂಡು ಕಾಮಿಕ್ಸ್ ಬರೀತಾಳೆ. ನೋಬಿಟಾ ಕೈತಪ್ಪಿದ್ದು ಅವಳ ಪುಣ್ಯ."