ಮಗ್ಗದ ಮನಿಯಾಗ ಗೇಮಿಂಗ್ ಪಿಸಿ, ₹65,000 ಬಜೆಟ್: ಯಾವ ಪಾರ್ಟ್ಸ್ ತಗೊಳ್ಳಲಿ?

ಬನಹಟ್ಟಿ_ಬಿಸಿಎ

ನಮಸ್ಕಾರ್ರೀ ಎಲ್ಲಾರಿಗೂ. ನಮ್ಮದು ಬನಹಟ್ಟಿ. ದಿನಾ ಜಮಖಂಡಿಗೆ ಹೋಗಿ ಬಂದು ಬಿಸಿಎ ಓದಾಕತ್ತೇನಿ. ಮಾನಿಟರ್ ಹಿಡಿದು ₹65,000 ತನಕ ಕೊಡ್ತೇನಿ ಅಂತ ಅಪ್ಪಾರು ಒಪ್ಪ್ಯಾರ. ಕೀಬೋರ್ಡ್, ಮೌಸ್ ಅದಾವ. ವ್ಯಾಲರಂಟ್ ಆಡ್ತೇನಿ, ಜಿಟಿಎ 5, ಫೋರ್ಜಾ ಹೊರೈಜನ್ 5 ಆಡೋ ಆಸೆ ಬಾಳ ಐತಿ. ಕಾಲೇಜಿನ ಜಾವಾ, ಆಂಡ್ರಾಯ್ಡ್ ಸ್ಟುಡಿಯೋ ಕೆಲಸಾನೂ ಇದರಾಗ ಆಗಬೇಕು.

ಒಂದು ಅಂಗಡಿಯವರು ಹಿಂಗ ಕೊಟೇಷನ್ ಕೊಟ್ಟಾರ: ಐ7-4770, ಎಚ್81 ಬೋರ್ಡ್, ಡಿಡಿಆರ್3 ರ‍್ಯಾಮ್ 16 ಜಿಬಿ, ಜಿಟಿ 730 4 ಜಿಬಿ ಕಾರ್ಡ್, 512 ಜಿಬಿ ಎಸ್‌ಎಸ್‌ಡಿ, ಕ್ಯಾಬಿನೆಟ್ ಜೋಡಿನೇ ಬರೋ 500 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಪೆಟ್ಟಿಗಿ), ಬಣ್ಣದ ಲೈಟಿನ ನಾಕ್ ಫ್ಯಾನ್, 22 ಇಂಚಿನ ಮಾನಿಟರ್. "ಐ7 ಐತಿ, ಏನ್ ಬೇಕಾದ್ದು ಓಡತೈತಿ" ಅಂತಾರ. ನಂಗ ಖಾತ್ರಿ ಆಗವಲ್ದು.

ಇನ್ನೊಂದು ಹೇಳಬೇಕ್ರಿ. ಮನಿ ಮುಂದಿನ ಪಡಸಾಲ್ಯಾಗ ನಾಕ್ ಪವರ್‌ಲೂಮ್ ಅದಾವ, ಪಿಸಿ ಇಡೋದು ಅದರ ಹಿಂದಿನ ಖೋಲ್ಯಾಗ. ಮಗ್ಗ ಚಾಲೂ ಮಾಡಿದಾಗೊಮ್ಮೆ ಲೈಟ್ ಮಿಣುಕ್ ಅಂತಾವ. ಅರಳಿ ಧೂಳಂತೂ ಅಡಗಿ ಮನಿ ತನಕ ಬರತೈತಿ. ಇದಕ್ಕ ಏನರ ಬ್ಯಾರೆ ನೋಡಿ ತಗೋಬೇಕೇನ್ರಿ?

ಟಿಳಕವಾಡಿ_ಗೇಮರ್

ಆ ಕೊಟೇಷನ್ ಬಿಟ್ಟಬಿಡು ತಮ್ಮಾ. ಐ7-4770 ಅಂದ್ರ 2013ರ ಪ್ರೊಸೆಸರ್. ಐ7 ಅನ್ನೋ ಹೆಸರು ನೋಡಬ್ಯಾಡ, ಅದರ ಮುಂದಿನ ಅಂಕಿ ನೋಡು. 4 ಅಂದ್ರ ನಾಕನೇ ಪೀಳಿಗೆ. 2022ರಾಗ ಬಂದ ಐ3-12100ಎಫ್‌ಗೂ ನಾಕ ಕೋರ್, ಎಂಟ ಥ್ರೆಡ್, ಆ ಹಳೇ ಐ7ಗೂ ಅಷ್ಟ. ಆದ್ರ ಆಟದಾಗ ಐ3ನ ಬಾಳ ಮುಂದ ಹೊಕ್ಕೈತಿ.

ನನ್ನ ಸಲಹಾ: ಈಗ ರೈಜನ್ 5 5600ಜಿ ಹಾಕ್ಕೋ. ಅದರೊಳಗ ಗ್ರಾಫಿಕ್ಸ್ ಐತಿ, ವ್ಯಾಲರಂಟ್ ಆರಾಮ ಓಡತೈತಿ. ಮುಂದ ರೊಕ್ಕ ಕೂಡಿದ ಮ್ಯಾಲ ಕಾರ್ಡ್ ತಗೋ. ಇಲ್ಲಂದ್ರ ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡು, ಬೆಳಗಾವ್ಯಾಗ ಹುಡುಗರು ಮಾರತಿರ್ತಾರ.

ಲ್ಯಾಬ್_ಅಕ್ಕ_ವಿಜಯಪುರ

ತಮ್ಮಾ, ನಾ ವಿಜಯಪುರದಾಗ ಒಂದು ಡಿಪ್ಲೊಮಾ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡ್ಕೋತೀನಿ. ಹುಡುಗರಿಗೆ ಪಿಸಿ ಜೋಡಿಸಿ ಕೊಡೋದು ನನಗ ಬಾಳ ಸೇರೋ ಕೆಲಸ. ನಿನ್ನ ಪ್ರಶ್ನೆದಾಗ ಎಲ್ಲಾಕಿಂತ ಮುಖ್ಯ ಮಾತು ಕೊನಿಗೆ ಬರದೀ ನೋಡು, ಮಗ್ಗ, ಧೂಳಿ, ಲೈಟ್ ಮಿಣುಕೋದು. ಅದರಿಂದನೇ ಶುರು ಮಾಡ್ತೀನಿ. ಮೊದಲ ಎಸ್‌ಎಂಪಿಎಸ್ ಗಟ್ಟಿ ಮಾಡ್ಕೋ, ಆಮ್ಯಾಲ ಪ್ರೊಸೆಸರ್ ಮಾತು.

ಕ್ಯಾಬಿನೆಟ್ ಜೋಡಿ ಬರೋ "500 ವ್ಯಾಟ್" ಪೆಟ್ಟಿಗಿ ಹೊಳ್ಳಿಸಿ ಅದರ ಚೀಟಿ ಓದು. 12 ವೋಲ್ಟ್ ಅಂಬೋ ಸಾಲಿನ್ಯಾಗ ಎಷ್ಟು ಆಂಪ್ಸ್ ಬರದಾರ ನೋಡು, ಅದನ್ನ 12ಕ್ಕ ಗುಣಿಸು. ಗ್ರಾಫಿಕ್ಸ್ ಕಾರ್ಡಿಗೂ ಪ್ರೊಸೆಸರಿಗೂ ಸಿಗೋದು ಅಷ್ಟೇ. ತಾಳಿಕೋಟಿ ಕಡಿಂದ ಒಬ್ಬ ಹುಡುಗ ಪಿಸಿ ತಂದಿದ್ದ, ಆಟ ಶುರು ಆಗೂದೇ ತಡ ರೀಸ್ಟಾರ್ಟ್ ಆಗ್ತಿತ್ತು. ಡಬ್ಬಿ ಮ್ಯಾಲ ದೊಡ್ಡ ಅಕ್ಷರದಾಗ 450 ವ್ಯಾಟ್, ಚೀಟಿ ಮ್ಯಾಲ 12 ವೋಲ್ಟಿಗೆ 16 ಆಂಪ್ಸ್. ಗುಣಿಸಿದ್ರ 192 ವ್ಯಾಟ್! ಆ ಹುಡುಗನ ಕಾರ್ಡ್ ಒಂದಕ್ಕೇ 130 ವ್ಯಾಟ್ ಬೇಕು. ಕಾರ್ಡ್ ಕೆಟ್ಟದ, ಹೊಸಾದು ತಗೋ ಅಂತ ಮಾರಿದವರು ಹೇಳಿ ಕಳಿಸಿದ್ರು. ಎಸ್‌ಎಂಪಿಎಸ್ ಬದಲಿ ಮಾಡಿದ ಮ್ಯಾಲ ಅದೇ ಕಾರ್ಡ್ ಇವತ್ತಿಗೂ ನಡೀಲಿಕತ್ತದ. ಹಿಂಗ ಹುಡುಗರ ರೊಕ್ಕ ಹಾಳಾಗೋದು ಕಂಡ್ರ ನನಗ ಭಾಳ ಸಂಕಟ ಆಗ್ತದ.

ಅದಕ್ಕ 550 ವ್ಯಾಟಿಂದು, 80 ಪ್ಲಸ್ ಬ್ರಾಂಜ್ ಸರ್ಟಿಫಿಕೇಟ್ (ಕರೆಂಟ್ ಕಡಿಮಿ ಹಾಳು ಮಾಡ್ತದ ಅಂಬೋ ಗುರುತು) ಇರೋದು ತಗೋ. 12 ವೋಲ್ಟಿಗೆ 40 ಆಂಪ್ಸ್ ಮ್ಯಾಲ ಇರಬೇಕು. ಇನ್ನ ಒಂದು, ಇದು ನಿನ್ನ ಮನಿಗೆ ಬಾಳ ಬೇಕಾದ್ದು: ಇನ್‌ಪುಟ್ ಅಂಬೋ ಜಾಗಾದಾಗ 100-240 ವೋಲ್ಟ್ ಅಂತ ಬರದಿರಬೇಕು. ಕೆಲವು ಕಡಿಮಿ ರೇಟಿನವಕ್ಕ 200-240 ಅಂತ ಇರ್ತದ. ಮಗ್ಗದ ಮೋಟಾರ್ ಚಾಲೂ ಆಗೋ ಹೊತ್ತಿಗೆ ಕರೆಂಟ್ ಒಮ್ಮೆಲೇ ಜಗ್ತದ, ವೋಲ್ಟೇಜ್ ಕ್ಷಣಕಾಲ ಕೆಳಗ ಬೀಳ್ತದ. 180ಕ್ಕ ಬಿದ್ರ ಆ 200ರ ಪೆಟ್ಟಿಗಿ ಕೈ ಬಿಡಬಹುದು, 100-240ರದು ತಡ್ಕೋತದ. ಹಿಂದ 115/230 ಅಂತ ಸಣ್ಣ ಕೆಂಪು ಸ್ವಿಚ್ ಇದ್ರ ಅದು ಹಳೇ ತರದ್ದು, ಅದು ಬ್ಯಾಡ.

ಇನ್ನ ಉಳಿದ ಪಾರ್ಟ್ಸ್. ನಾ ರೇಟ್ ಬರಿಯಂಗಿಲ್ಲ, ಇವತ್ತಿನ ರೇಟ್ ನಾಳೆ ಇರಂಗಿಲ್ಲ. ರ‍್ಯಾಮ್ ಅಂತೂ 2025ರ ಕೊನಿಗೆ ಎಐ ಸರ್ವರ್ ಕಂಪನಿಗಳ ಖರೀದಿಯಿಂದ ಒಮ್ಮೆಲೇ ಏರಿಬಿಟ್ಟದ. ಪಾಲು ಹೇಳ್ತೀನಿ: ಮಾನಿಟರ್ ತಗದು ಉಳಿದಿದ್ದರಾಗ ಮೂರರಾಗ ಒಂದು ಪಾಲಿನ ಮ್ಯಾಲ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ನಿನಗ ಆರ್‌ಎಕ್ಸ್ 6600 ಸರಿ ಹೊಂದ್ತದ. 8 ಜಿಬಿ, 132 ವ್ಯಾಟ್, 1080ಪಿ ಒಳಗ ಫೋರ್ಜಾ, ಜಿಟಿಎ ಎರಡೂ ಚಂದ ಓಡ್ತಾವ. ಅಂಗಡಿಯವರು "4 ಜಿಬಿ ಗ್ರಾಫಿಕ್ಸ್" ಅಂದಿದ್ದು 2014ರ ಕಾರ್ಡು. ಜಿಬಿ ಎಷ್ಟು ಅಂಬೋದ್ರಿಂದ ಕಾರ್ಡಿನ ಜೋರು ತಿಳಿಯಂಗಿಲ್ಲ. ಆರ್‌ಎಕ್ಸ್ 6600ರ ಮೆಮೊರಿ ಸೆಕೆಂಡಿಗೆ 224 ಜಿಬಿ ಡೇಟಾ ಸಾಗಸ್ತದ, ಡಿಡಿಆರ್3 ಇರೋ ಜಿಟಿ 730 ಮೂವತ್ತರ ಒಳಗೇ ನಿಂತ್ಕೋತದ.

ಪ್ರೊಸೆಸರ್ ರೈಜನ್ 5 5600, ಜಿ ಇಲ್ಲದ್ದು. ಬೆಳಗಾವಿ ಅಣ್ಣಾರು ಹೇಳಿದ 5600ಜಿ ಕೆಟ್ಟದ್ದಲ್ಲ, ಕಾರ್ಡಿಗೆ ರೊಕ್ಕ ಇಲ್ಲದವರಿಗೆ ಅದೇ ದಾರಿ. ಆದ್ರ ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ದ್ದು 32. ಮುಂದ ಕಾರ್ಡ್ ಹಾಕೋ ಹೊತ್ತಿಗೆ ಆ ವ್ಯತ್ಯಾಸ ಆಟದಾಗ ಕಾಣ್ತದ. ನಿನ್ನ ಬಜೆಟ್ಟಿನ್ಯಾಗ ಕಾರ್ಡ್ ಈಗೇ ಬರ್ತದ, ಹಂಗಾಗಿ ಜಿಗೆ ಕೊಡೋದು ಬ್ಯಾಡ. ಬೋರ್ಡ್ ಬಿ550 ಸಿಕ್ರ ಚಲೋ. ಬಿ450 ಇದ್ರ ಬಯಾಸ್ (ಪಿಸಿ ಶುರು ಮಾಡೋ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗೇದೇನು ಅಂತ ಕೇಳೇ ತಗೋ, ಹಳೇ ಬಯಾಸಿಗೆ 5600 ಗುರುತು ಹತ್ತಂಗಿಲ್ಲ.

ರ‍್ಯಾಮ್ ಡಿಡಿಆರ್4 3200, ಎಂಟೆಂಟು ಜಿಬಿಯ ಎರಡು. ಆಂಡ್ರಾಯ್ಡ್ ಸ್ಟುಡಿಯೋದ ಎಮುಲೇಟರ್ ಸಲುವಾಗಿನೂ 16 ಬೇಕೇ ಬೇಕು. ಪ್ರೊಸೆಸರ್ ಕಡಿಂದ ಎಣಿಸಿ ಎರಡನೇ, ನಾಕನೇ ಸ್ಲಾಟಿಗೆ ಹಾಕು, ಬಯಾಸ್ ಒಳಗ ಎಕ್ಸ್‌ಎಂಪಿ ಅಂಬೋ ವೇಗದ ಸೆಟ್ಟಿಂಗ್ ಆನ್ ಮಾಡು. ಮಾಡದಿದ್ರ ರ‍್ಯಾಮ್ ಬಾಳ ಸಲ ತನ್ನ ಪೂರ್ತಿ ವೇಗಕ್ಕ ಬರೂದೇ ಇಲ್ಲ. ಎಸ್‌ಎಸ್‌ಡಿ ಎನ್‌ವಿಎಂಇ, 1 ಟಿಬಿ ಆದ್ರ ನಿಶ್ಚಿಂತಿ. ಜಿಟಿಎ, ಫೋರ್ಜಾ ಎರಡೂ ನೂರು ಜಿಬಿಯ ಮ್ಯಾಲಿನ ಆಟ.

ಈಗ ಧೂಳಿ. ಮಗ್ಗದ ಮನಿ ಪಿಸಿ ನಾ ಬಿಚ್ಚಿ ನೋಡೀನಿ. ಪ್ರೊಸೆಸರ್ ಮ್ಯಾಲಿನ ಫ್ಯಾನ್ ತಿರಗ್ತಿರ್ತದ, ಹೊರಗಿಂದ ಎಲ್ಲಾ ಸರಿ ಕಾಣ್ತದ. ಫ್ಯಾನ್ ಎತ್ತಿದ್ರ ಅದರ ಕೆಳಗ ಅಲ್ಯೂಮಿನಿಯಂ ರೆಕ್ಕಿಗಳ ಮ್ಯಾಲ ಅರಳಿ ಎಳಿ ಒಂದಕ್ಕೊಂದು ಹೆಣಕೊಂಡು ಕಂಬಳಿ ಹಾಸಿದಂಗ ಕುಂತಿರ್ತದ. ಉಗರಿಲೇ ಕಿತ್ರ ಇಡೀ ಒಂದೇ ಹಾಳಿ ಎದ್ದು ಬರ್ತದ. ಗಾಳಿ ಕೆಳಗ ಇಳಿಯೂದೇ ಇಲ್ಲ. 5600ಕ್ಕ 90 ಡಿಗ್ರಿ ಮಿತಿ, ಅದು ಮುಟ್ಟಿದ್ರ ತಾನೇ ವೇಗ ತಗ್ಗಿಸ್ತದ. ಚೈತ್ರ ವೈಶಾಖದಾಗ ನಮ್ಮ ಕಡೆ ಹೊರಗೇ 40 ಇರ್ತದ, ನೀನೇ ಲೆಕ್ಕಾ ಹಾಕು.

ಅದಕ್ಕ ಗಾಜಿನ ಮುಖದ ಕ್ಯಾಬಿನೆಟ್ ಬ್ಯಾಡ. ಮುಂದ ಜಾಳಿಗಿ ಇರಬೇಕು, ಒಳಗ ಕೈಲೇ ತಗದು ತೊಳಿಲಿಕ್ಕೆ ಬರೋ ಫಿಲ್ಟರ್ ಇರಬೇಕು. ಮುಂದಿನ ಎರಡು ಫ್ಯಾನ್ ಗಾಳಿ ಒಳಗ ಜಗ್ಗಬೇಕು, ಹಿಂದಿನದೊಂದು ಹೊರಗ ಹಾಕಬೇಕು. ಒಳಗ ಬರೋ ಗಾಳಿ ಹೆಚ್ಚಿದ್ರ ಸಂದಿಗೊಂದಿಲೇ ಧೂಳಿ ನುಗ್ಗೋದು ಕಡಿಮಿ. ನೆಲದ ಮ್ಯಾಲ ಇಡಬ್ಯಾಡ, ಅರಳಿ ಎಲ್ಲಾ ನೆಲಕ್ಕೇ ಹರದಾಡ್ತದ. ಟೇಬಲ್ ಎತ್ತರಕ್ಕಿರಲಿ. ನಡಿಯೋ ಹೊತ್ತಿಗೆ ಬಟ್ಟಿ ಹೊಚ್ಚಬ್ಯಾಡ.

ಸ್ವಚ್ಛ ಮಾಡೋದು ಬ್ರಷ್, ಸಣ್ಣ ಬ್ಲೋವರಿಲೇ. ಪಂಕ್ಚರ್ ಅಂಗಡಿ ಗಾಳಿ ಹೊಡಸಬ್ಯಾಡ, ಅದರ ಜೋಡಿ ನೀರಿನ ಹನಿ, ಎಣ್ಣಿ ಬರ್ತದ. ಫ್ಯಾನ್ ಬೆರಳಿಲೇ ಹಿಡಿದು ಗಾಳಿ ಹೊಡಿ. ಕೂಲರ್ ಬಿಚ್ಚೋ ಪಾಳಿ ಬಂದ್ರ ನೆನಪಿಟ್ಕೋ: 5600ದಂಥ ಎಎಂ4 ಸಾಕೆಟ್ಟಿನ ಪ್ರೊಸೆಸರಿಗೆ ಪಿನ್ ಕೆಳಗೇ ಇರ್ತಾವ, ಪೇಸ್ಟ್ ಒಣಗಿ ಹತ್ಕೊಂಡಿದ್ರ ಕೂಲರ್ ಜೋಡಿ ಪ್ರೊಸೆಸರೂ ಕಿತ್ತು ಬರ್ತದ, ಪಿನ್ ಬಾಗ್ತಾವ. ಪಿಸಿ ಸ್ವಲ್ಪ ಹೊತ್ತು ನಡಿಸಿ ಬೆಚ್ಚಗ ಮಾಡಿ, ಬಂದ್ ಮಾಡಿ, ವಾಯರ್ ತಗದು, ನಾಕೂ ಸ್ಕ್ರೂ ಸಡ್ಲ ಮಾಡಿ, ಕೂಲರ್ ಸಾವಕಾಶ ಎಡಕ್ಕ ಬಲಕ್ಕ ತಿರುವು. ಒಮ್ಮೆಲೇ ಮ್ಯಾಲ ಜಗ್ಗಬ್ಯಾಡ.

ನವನಗರ_87

ಅಕ್ಕಾರು ಎಲ್ಲಾ ಹೇಳ್ಯಾರ. ವ್ಯಾಲರಂಟ್ ಬಗ್ಗೆ ಒಂದು ಸೇರಸ್ತೇನಿ. ವಿಂಡೋಸ್ 11ರಾಗ ಅದಕ್ಕ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಎರಡೂ ಭದ್ರತಾ ಸೌಲಭ್ಯ ಆನ್ ಇರಬೇಕು. ನಾಕನೇ ಪೀಳಿಗಿ ಐ7ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗದೈತಿ. ಅಂದ್ರ ಆ ಅಂಗಡಿ ಪಿಸಿ ತಗೊಂಡ ದಿನಾನ ಹಳೇದು. 5600ದಾಗ ಟಿಪಿಎಂ ಒಳಗ ಐತಿ, ಬಯಾಸ್‌ದಾಗ ಎಫ್‌ಟಿಪಿಎಂ ಅಂತ ಇರತೈತಿ, ಆನ್ ಮಾಡ್ರಿ. ವಿಂಡೋಸ್ ಹಾಕಸೋವಾಗ ಯುಇಎಫ್‌ಐ ಮೋಡಿನ್ಯಾಗ ಹಾಕಸ್ರಿ, ಇಲ್ಲಂದ್ರ ಸೆಕ್ಯೂರ್ ಬೂಟ್ ಹತ್ತೂದಿಲ್ಲ.

ಮಾನಿಟರ್ 24 ಇಂಚಿನ ಐಪಿಎಸ್, 100 ಹರ್ಟ್ಜ್ ಸಾಕು. ಎಚ್‌ಡಿಎಂಐ ವಾಯರ್ ಕಾರ್ಡಿಗೆ ಚುಚ್ಚಬೇಕು. 5600ದಾಗ ಗ್ರಾಫಿಕ್ಸ್ ಇಲ್ಲ, ಬೋರ್ಡಿಗೆ ಚುಚ್ಚಿದ್ರ ಪರದೆ ಕಪ್ಪನ ಉಳಿತೈತಿ. ಆಮ್ಯಾಲ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನ್ಯಾಗ 60 ಇದ್ದದ್ದನ್ನ 100 ಮಾಡ್ರಿ.

ಬನಹಟ್ಟಿ_ಬಿಸಿಎ

ಅಕ್ಕಾರ, ಎಲ್ಲಾರಿಗೂ ಬಾಳ ಉಪಕಾರ ಆತ್ರಿ. ನಿಮ್ಮ ಬರಹ ಅಪ್ಪಾರಿಗೆ ಓದಿ ಹೇಳಿದೆ. "ಧೂಳಿನ ಮಾತು ಖರೇ ಐತಿ, ಮಗ್ಗದ ಮೋಟಾರಿಗೂ ಹಂಗ ಆಕ್ಕೈತಿ" ಅಂದ್ರು. ಎರಡು ಕೇಳೋದೈತ್ರಿ. ಮನ್ಯಾಗ ಇನ್ವರ್ಟರ್ ಐತಿ, ಯುಪಿಎಸ್ ಬ್ಯಾರೆ ಬೇಕೇನ್ರಿ? ಮತ್ತ ಗೆಳ್ಯಾನ ಪಿಸಿ ಮುಟ್ಟಿದ್ರ ಕೈ ಜುಮ್ ಅಂತೈತಿ, ನಮ್ಮದಕ್ಕೂ ಹಂಗ ಆಗಬಾರ್ದು ಅಂದ್ರ ಏನ್ ಮಾಡಬೇಕ್ರಿ?

ಲ್ಯಾಬ್_ಅಕ್ಕ_ವಿಜಯಪುರ

ನಿಮ್ಮ ಅಪ್ಪಾರಿಗೆ ನನ್ನ ನಮಸ್ಕಾರ ಹೇಳು. ಅವರಿಗೆ ಮೋಟಾರ್, ವಾಯರಿಂಗ್ ಎರಡೂ ಗೊತ್ತಿರೋದ್ರಿಂದ ಈ ಕೆಲಸ ನಿನಗ ಹಗುರ ಆಗ್ತದ.

ಜುಮ್ ಅನ್ನೋದು ಅರ್ಥಿಂಗ್ ಇಲ್ಲದ್ದಕ್ಕ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸ್ವಲ್ಪ ಕರೆಂಟನ್ನ ಅರ್ಥ್ ವಾಯರಿಗೆ ಬಿಡ್ತದ, ಆ ವಾಯರ್ ಎಲ್ಲೂ ಮುಟ್ಟಿರದಿದ್ರ ಕ್ಯಾಬಿನೆಟ್ಟಿನ ತಗಡಿಗೇ ಬಂದು ನಿಲ್ತದ. ಎಲೆಕ್ಟ್ರಿಷಿಯನ್ನರ ಕಡಿಂದ ಮೀಟರ್ ಹಚ್ಚಿಸಿ ನೋಡು: ಫೇಸಿಗೂ ಅರ್ಥಿಗೂ ನಡುವ 230ರ ಹತ್ತಿರ ಬರಬೇಕು, ನ್ಯೂಟ್ರಲ್‌ಗೂ ಅರ್ಥಿಗೂ ನಡುವ ಎರಡು ಮೂರು ವೋಲ್ಟಿನ ಒಳಗಿರಬೇಕು. ಅರ್ಥಿಂಗ್ ಗುಂಡಿ ಇದ್ರ ಬ್ಯಾಸಗಿಯಾಗ ಒಣಗಲಿಕ್ಕೆ ಬಿಡಬ್ಯಾಡ, ನೀರು ಹಾಕ್ತಿರು.

ಪಿಸಿ ಖೋಲಿಗೆ ಮೀಟರ್ ಬೋರ್ಡಿನಿಂದ ಬ್ಯಾರೆ ಲೈನ್ ಎಳಸು. ಮಗ್ಗದ ಬೋರ್ಡಿನಿಂದ ತುಂಡು ವಾಯರ್ ಎಳದು ಹಚ್ಚಬ್ಯಾಡ. ಲೈನ್ ಬ್ಯಾರೆ ಆದ್ರ ಮೋಟಾರ್ ಜಗ್ಗೋ ಹೊಡತ ಅಲ್ಲೇ ಕಡಿಮಿ ಆಗ್ತದ. ಇದಕ್ಕ ಆಗೋ ಖರ್ಚನ್ನ ಬಣ್ಣದ ಲೈಟಿನ ಫ್ಯಾನ್ ಬಿಟ್ಟು ಹೊಂದಸ್ಕೋ.

ಇನ್ವರ್ಟರ್ ಸ್ಕ್ವೇರ್ ವೇವ್ ಇದ್ರ ಪಿಸಿ ಹಚ್ಚಲೇಬ್ಯಾಡ. ಸೈನ್ ವೇವ್ ಇದ್ರ ನಡೀತದ, ಆದ್ರ ಅದರ ಹಿಂದ ಯುಪಿಎಸ್ ಮೋಡ್ ಅಂತ ಸ್ವಿಚ್ ಇರ್ತದ, ಅದಕ್ಕ ತಿರುವಬೇಕು. ಕರೆಂಟ್ ಹೋದ ಮ್ಯಾಲ ಎಸ್‌ಎಂಪಿಎಸ್ ತನ್ನ ಹೊಟ್ಯಾಗಿನ ಕೆಪಾಸಿಟರ್ ಮ್ಯಾಲ 16 ಮಿಲಿಸೆಕೆಂಡಿನ ಆಸುಪಾಸು ತಡ್ಕೋತದ. ಅಷ್ಟರಾಗ ಬ್ಯಾಟರಿ ಬಂದು ಕೂಡಬೇಕು. ಸಾದಾ ಮೋಡಿನ್ಯಾಗ ಇನ್ವರ್ಟರ್ ಅದಕ್ಕಿಂತ ತಡಾ ಮಾಡ್ತದ, ಪಿಸಿ ಬಂದ್ ಬೀಳ್ತದ.

ಬ್ಯಾರೆ ಯುಪಿಎಸ್ಸೇ ತಗೋತೀ ಅಂದ್ರ 600 ವಿಎದು ಬ್ಯಾಡ, ಅದು ಕೊಡೋದು 360 ವ್ಯಾಟಿನ ಹತ್ತಿರ. ನಿನ್ನ ಕಾರ್ಡ್ 132, ಪ್ರೊಸೆಸರ್ ಪೂರ್ತಿ ಲೋಡಿಗೆ 76, ಬೋರ್ಡ್, ಎಸ್‌ಎಸ್‌ಡಿ, ಫ್ಯಾನ್, ಮಾನಿಟರ್ ಎಲ್ಲಾ ಕೂಡಿ 300ರ ಹತ್ತಿರ ಹೋಗ್ತದ. 1000 ವಿಎ ಇದ್ರ ಆಟ ಸೇವ್ ಮಾಡಿ ಬಂದ್ ಮಾಡ್ಲಿಕ್ಕೆ ಆರಾಮ ಹೊತ್ತು ಸಿಗ್ತದ. ಈಗ ರೊಕ್ಕ ಸಾಲಲಿಲ್ಲ ಅಂದ್ರ ಯುಪಿಎಸ್ ಮುಂದಕ್ಕ ಹಾಕು, ಎಸ್‌ಎಂಪಿಎಸ್ ಮಾತ್ರ ಕಡಿಮಿ ಮಾಡಬ್ಯಾಡ.

ಸೆಕೆಂಡ್ ಹ್ಯಾಂಡ್ ಕಾರ್ಡಿನ ಮಾತು ಮ್ಯಾಲ ಬಂದಿತ್ತು. ನಿನಗ ನಾ ಹೂಂ ಅನ್ನಂಗಿಲ್ಲ. ಅರಳಿ ಧೂಳಿ ಇರೋ ಮನ್ಯಾಗ ಕಾರ್ಡಿಗೆ ವಾರಂಟಿ ಇರಲೇಬೇಕು. ಹೊಸಾದೇ ತಗೋ, ಜಿಎಸ್‌ಟಿ ಬಿಲ್ ನಿನ್ನ ಹೆಸರಿಲೇ ಇರಲಿ, ಅದರ ಮ್ಯಾಲ ಕಾರ್ಡಿನ ಸೀರಿಯಲ್ ನಂಬರ್ ಬರಸ್ಕೋ. ಆನ್‌ಲೈನ್ ತರಿಸಿದ್ರ ಡಬ್ಬಿ ಒಡಿಯೋ ಮೊದಲಿಂದ ಕೊನಿತನಕ ವಿಡಿಯೋ ಹಿಡಿ.

ಬ್ಯಾರೆ ಲೈನ್ ಎಳಸಿದ ಮ್ಯಾಲ ನಾಕೂ ಮಗ್ಗ ಚಾಲೂ ಮಾಡಿ ಆ ಪ್ಲಗ್ಗಿನ್ಯಾಗ ವೋಲ್ಟೇಜ್ ಎಷ್ಟಕ್ಕ ಬೀಳ್ತದ ಅಂತ ನೋಡಿ ಇಲ್ಲೇ ಬರಿ. ಎಸ್‌ಎಂಪಿಎಸ್ ಯಾವ ಮಾಡೆಲ್ ಅಂತ ಆಮ್ಯಾಲ ಗಟ್ಟಿ ಮಾಡೋಣ.